ಮದುವೆಗೆ ಒಂದು ವರ್ಷ ಮೊದಲೇ ಬಂದು ನಿಲ್ಲುವ ಅಕ್ಕ

ಬೆಳಗ್ಗೆ ಆರೂ ಹತ್ತು. ಸರೋವರದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ದಂಡೆಯ ಹಳೆಯ ಅತಿಥಿಗೃಹದ ಹುಲ್ಲುಹಾಸಿನ ಮೇಲೆ ಐವತ್ತೆಂಟರ ಹೆಂಗಸೊಬ್ಬರು ಅಲುಗಾಡದೆ ನಿಂತಿದ್ದಾರೆ. ಮೈಮೇಲೆ ಕಂದು ಸ್ವೆಟರ್, ಹೆಗಲ ಮೇಲೆ ತೆಳುವಾದ ಸ್ಕಾರ್ಫು, ಕಾಲಲ್ಲಿ ಹಿಮ್ಮಡಿ ಸವೆದ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್. ಪಾದದಡಿ ಒಂದರ ಮೇಲೊಂದು ನಾಲ್ಕು ಮರದ ಹಲಗೆ. ಎಡಕ್ಕೆ ಅಷ್ಟೇ ಗಂಭೀರವಾಗಿ ಅವರ ಗಂಡ. ಇಬ್ಬರ ಮುಖವೂ ಪೂರ್ವಕ್ಕೆ. ದೂರದಿಂದ ನೋಡಿದವರಿಗೆ ಯಾರೋ ಇವರಿಬ್ಬರಿಗೂ ಶಿಕ್ಷೆ ಕೊಟ್ಟು ನಿಲ್ಲಿಸಿದ್ದಾರೆ ಅನ್ನಿಸಬೇಕು.

"ಗಾಳಿ ಹೇಗಿದೆ ರೀ?"

"ಬಲಗಡೆಯಿಂದ ಕಣೇ. ನಿನ್ನ ಸ್ಕಾರ್ಫು ನನ್ನ ಬಾಯಿಗೇ ಬರ್ತಿದೆ."

"ಹಾಗಾದ್ರೆ ಹುಡುಗಿ ಕೂದಲೂ ಹುಡುಗನ ಬಾಯಿಗೇ ಬರತ್ತೆ. ಕಟ್ಟಿರಬೇಕು."

ಹಲಗೆಯಿಂದ ಇಳಿಯದೆಯೇ ಅವರು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ: ಆರೂ ಹದಿನೈದು, ಗಾಳಿ ಬಲದಿಂದ, ಕೂದಲು ಕಟ್ಟಬೇಕು.

ಈ ಹುಲ್ಲಿನ ಮೇಲೆ ಮದುವೆ ನಡೆಯುವುದು ಮುಂದಿನ ವರ್ಷ ಇದೇ ತಾರೀಖು, ಬೆಳಗ್ಗೆ ಏಳೂ ನಲವತ್ತಕ್ಕೆ. ಮದುಮಗಳು ನಿಲ್ಲುವ ಜಾಗದಲ್ಲಿ ಒಂದು ವರ್ಷ ಮೊದಲೇ, ಅದೇ ತಾರೀಖು, ಅದೇ ಹೊತ್ತಿಗೆ ಬಂದು ನಿಂತು, ಅಲ್ಲಿ ಏನೇನಾಗುತ್ತದೆ ಎಂದು ನೋಡಿ ಬರೆದುಕೊಡುವುದು ಇವರ ಕೆಲಸ. ದೂರದ ಊರಿನಲ್ಲಿ ಅಂದದ ಜಾಗ ಹುಡುಕಿ, ನಂಟರನ್ನೆಲ್ಲ ಅಲ್ಲಿಗೇ ಕರೆಸಿ ಮಾಡುವ ಮದುವೆಗೆ ಈಗ ಎಲ್ಲರೂ ಡೆಸ್ಟಿನೇಶನ್ ವೆಡ್ಡಿಂಗ್ ಅನ್ನುತ್ತಾರೆ. ಕೊಠಡಿ, ಅಡುಗೆ, ಹೂವು, ಫೋಟೋದವರು ಎಲ್ಲವೂ ಒಂದು ವರ್ಷ ಮೊದಲೇ ನಿಗದಿಯಾಗಬೇಕು. ಆದರೆ ಬಿಸಿಲನ್ನು ಯಾರು ನಿಗದಿ ಮಾಡುತ್ತಾರೆ? ಆ ಪ್ರಶ್ನೆಗೆ ಉತ್ತರ ಇವರು. ಈ ಕಸುಬಿನಲ್ಲಿ ಇವರಿಗೆ ಹೆಸರೇ ಇಲ್ಲ. ಪೆಂಡಾಲಿನವರಿಂದ ಹಿಡಿದು ಹೂವಿನವರವರೆಗೆ ಎಲ್ಲರಿಗೂ ಇವರು 'ನಿಲ್ಲೋ ಅಕ್ಕ'.

ಇಪ್ಪತ್ತೆಂಟು ವರ್ಷದಿಂದ ನಿಲ್ಲುತ್ತಿದ್ದಾರೆ. ಇವತ್ತಿನದು ನಾನೂರ ಹನ್ನೆರಡನೆಯ ನಿಲುವು. ಹಾಗಿದ್ದೂ ಇವತ್ತು ನಿಮಿಷಕ್ಕೊಮ್ಮೆ ಗೇಟಿನ ಕಡೆ ತಿರುಗಿ ನೋಡುತ್ತಿದ್ದಾರೆ. ಗಾಳಿ ನೋಡುವುದಕ್ಕೆ ಅಂತ ಅವರೇನೋ ಹೇಳುತ್ತಾರೆ. ಗಂಡ ನಂಬುವುದಿಲ್ಲ. ಏಳೂ ಇಪ್ಪತ್ತಕ್ಕೆ ಇಲ್ಲಿಗೆ ಒಬ್ಬರು ಬರಲಿದ್ದಾರೆ. ಅಕ್ಕ ಈ ಕೆಲಸದಲ್ಲಿ ಮಾಡಿದ ಒಂದೇ ಒಂದು ದೊಡ್ಡ ತಪ್ಪನ್ನು ಕಣ್ಣಾರೆ, ಅಲ್ಲ, ಕಣ್ಣಿನಲ್ಲೇ ಅನುಭವಿಸಿದವರು ಅವರು.

ಆ ಕಥೆಗೆ ಹೋಗುವ ಮೊದಲು ಗುಂಡಿ ಹೊಲಿಯುವ ಅಂಗಡಿಗೆ ಹೋಗಬೇಕು.

ಅಕ್ಕ ಆಗ ಒಂದು ಟೈಲರ್ ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದರು. ದಿನಕ್ಕೆ ನೂರಿಪ್ಪತ್ತು ಗುಂಡಿ, ನೂರಿಪ್ಪತ್ತು ಕಾಜಾ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬ ಮೇಡಂ ಮದುವೆ ಏರ್ಪಾಡು ಮಾಡಿಕೊಡುವ ಕಚೇರಿ ತೆರೆದರು. ಒಂದು ದಿನ ಮೆಟ್ಟಿಲಿಳಿದು ಬಂದು, "ಯಾರಾದ್ರೂ ಒಬ್ಬರು ನನ್ನ ಜೊತೆ ಬನ್ನಿ, ಒಂದು ಜಾಗದಲ್ಲಿ ಸುಮ್ಮನೆ ನಿಲ್ಲಬೇಕು, ಅಳತೆ ತಗೋತೀನಿ" ಅಂದರು. ಕೂತು ಕೂತು ಬೆನ್ನು ಬಗ್ಗಿಹೋಗಿದ್ದ ಇವರು, ನಿಲ್ಲುವುದಕ್ಕೂ ಸಂಬಳವಾ ಎಂದು ಸೂಜಿ ಚುಚ್ಚಿಟ್ಟು ಎದ್ದರು.

"ನಿಂತಿದ್ದೆ. ಮೇಡಂ ಟೇಪು ಹಿಡ್ಕೊಂಡು ಅತ್ತ ಇತ್ತ ಓಡಾಡ್ತಿದ್ರು. ನಾನು ಸುಮ್ನೆ ಇರದೆ, 'ಮೇಡಂ, ಕೆಳಗೆ ಇರುವೆ ಗೂಡಿದೆ. ಮದುಮಗಳು ಮದುವೆಯಲ್ಲಿ ಕುಣೀಬೇಕಾಗತ್ತೆ' ಅಂದೆ" ಎಂದು ಅಕ್ಕ ನಗುತ್ತಾರೆ. "ಅವರು ಟೇಪು ಸುತ್ತಿಟ್ಟು ನನ್ನನ್ನೇ ನೋಡಿದ್ರು. ನಾಳೆಯಿಂದ ಮೇಲಿನ ಕೋಣೆಗೆ ಬಾ ಅಂದ್ರು."

ಅಂದಿನಿಂದ ಇವರ ಕಾಲಿಗೆ ಚಕ್ರ. ಬೆಟ್ಟದ ಮೇಲಿನ ಬಂಗಲೆ, ನದಿ ಮಧ್ಯದ ನಡುಗಡ್ಡೆ, ಕಡಲ ಕಿನಾರೆ, ದ್ರಾಕ್ಷಿ ತೋಟ, ಹಳೆಯ ರೈಲು ನಿಲ್ದಾಣ. ಎಲ್ಲಿಗೇ ಆದರೂ ಹಿಂದಿನ ದಿನವೇ ಹೋಗಿ ಉಳಿಯಬೇಕು, ಬೆಳಕು ಹರಿಯುವ ಮೊದಲೇ ಜಾಗದಲ್ಲಿರಬೇಕು. ಒಂದು ನಿಲುವಿಗೆ ಮೂರು ಗಂಟೆ. ಮಧ್ಯೆ ಕೂರುವಂತಿಲ್ಲ, ಯಾಕೆಂದರೆ ಮದುಮಗಳೂ ಕೂರುವುದಿಲ್ಲ. ಹಿಮ್ಮಡಿ ಹುಲ್ಲಿನೊಳಗೆ ಎಷ್ಟು ಹೂತುಹೋಗುತ್ತದೆ, ಅಜ್ಜಿಯರು ಕೂರುವ ಸಾಲಿನಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ಯಾವ ಹೊತ್ತಿಗೆ ಯಾವ ಸದ್ದು, ಯಾವ ಕಡೆಯಿಂದ ಯಾವ ವಾಸನೆ, ಎಲ್ಲವೂ ಪೆನ್ಸಿಲಿನಲ್ಲಿ. ಪೆನ್ನು ಇಬ್ಬನಿಗೆ ಕಲಸಿಹೋಗುತ್ತದಂತೆ. ಕೆಲಸ ಮುಗಿದ ಮೇಲೆ ಮದುಮಗಳ ಜಾಗಕ್ಕೊಂದು, ಮದುಮಗನ ಜಾಗಕ್ಕೊಂದು ಸಣ್ಣ ಗೂಟವನ್ನು ಹುಲ್ಲಿನ ಮಟ್ಟಕ್ಕೆ ಹೊಡೆದು, ಗೋಡೆಯಿಂದಲೋ ಮರದಿಂದಲೋ ಅಳತೆ ಬರೆದಿಡುತ್ತಾರೆ. ವರ್ಷದ ನಂತರ ಪೆಂಡಾಲಿನವರು ಬಂದು ಆ ಗೂಟ ಹುಡುಕಿ ವೇದಿಕೆ ಹಾಕುತ್ತಾರೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ, ಮಂಚದ ಕೆಳಗಿನ ಟ್ರಂಕಿನಲ್ಲಿ ಇಂಥ ಮೂವತ್ತೊಂದು ನೋಟ್‌ಬುಕ್ಕುಗಳಿವೆ. ಓದುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. 'ಎಂಟಕ್ಕೆ ಆಚೆ ದಂಡೆಯಿಂದ ದೋಣಿಯ ಹಾರ್ನ್, ಎರಡು ಸಲ. ಉಂಗುರ ಹಾಕುವುದು ಅಷ್ಟರೊಳಗೆ ಮುಗಿಯಬೇಕು.' 'ಮರದ ಮೇಲೆ ಕಾಗೆ ಗೂಡು. ಕೆಳಗೆ ಬೀಗರನ್ನು ಕೂರಿಸಬಾರದು.' 'ಪಕ್ಕದ ಮನೆಯ ನಾಯಿ ಬ್ಯಾಂಡ್ ಸದ್ದಿಗೆ ಊಳಿಡುತ್ತದೆ. ಆ ಮನೆಯವರನ್ನೂ ಊಟಕ್ಕೆ ಕರೆದರೆ ಒಳ್ಳೆಯದು.'

ಈಗಿನ ಹುಡುಗರು ಫೋನು ತೋರಿಸಿ, ಸೂರ್ಯ ಎಲ್ಲಿರುತ್ತಾನೆ ಎಂದು ಇದೇ ಹೇಳುತ್ತದಲ್ಲ ಅನ್ನುತ್ತಾರೆ. ಅಕ್ಕ ಮೂಗು ಮುರಿಯುವುದಿಲ್ಲ. "ಹೇಳತ್ತೆ, ಸರಿಯಾಗೇ ಹೇಳತ್ತೆ. ಆದ್ರೆ ಪಕ್ಕದವರು ಏಳೂವರೆಗೆ ಸರಿಯಾಗಿ ಜನರೇಟರ್ ಹಾಕ್ತಾರೆ ಅಂತ ಹೇಳತ್ತಾ?"

ಆಗೆಲ್ಲ ಫೋನಿರಲಿಲ್ಲ, ಮೊದಲ ಬಸ್ಸಿತ್ತು. ಮಡಿಲಲ್ಲಿ ಫ್ಲಾಸ್ಕು, ಕಿಟಕಿಯಾಚೆ ಕತ್ತಲು ಕರಗುವುದನ್ನು ನೋಡುತ್ತ ಒಬ್ಬರೇ ಹೋಗುತ್ತಿದ್ದ ಆ ಪ್ರಯಾಣಗಳನ್ನು ನೆನೆದರೆ ಅಕ್ಕನ ಮಾತು ನಿಧಾನವಾಗುತ್ತದೆ. ಇವರು ನಿಂತ ಎಷ್ಟೋ ಜಾಗಗಳು ಈಗಿಲ್ಲ. ದ್ರಾಕ್ಷಿ ತೋಟದಲ್ಲಿ ಗೋದಾಮು ಎದ್ದಿದೆ. ನಡುಗಡ್ಡೆಯನ್ನು ಹೊಳೆ ತಿಂದಿದೆ. ರೈಲು ನಿಲ್ದಾಣದ ಗಡಿಯಾರವನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. "ಅಲ್ಲಿನ ಬೆಳಿಗ್ಗೆಗಳು ಈಗ ನನ್ನ ಟ್ರಂಕಿನಲ್ಲಿ ಮಾತ್ರ ಇವೆ. ಒಮ್ಮೊಮ್ಮೆ ತೆಗೆದು ಓದ್ತೀನಿ. ಅದೇ ಚಳಿ ಆಗತ್ತೆ" ಅನ್ನುತ್ತಾರೆ.

ಇಷ್ಟೆಲ್ಲ ನೋಡಿಟ್ಟ ಇವರು ಆ ಮದುವೆಗಳಲ್ಲಿ ಒಂದನ್ನೂ ನೋಡಿಲ್ಲ. ನಾನೂರ ಹನ್ನೊಂದರಲ್ಲಿ ಒಂದೂ ಇಲ್ಲ. ಮದುವೆಯ ಕಾಲ ಎಲ್ಲರಿಗೂ ಒಂದೇ ಅಲ್ಲವೇ? "ಅವರ ಮದುವೆ ದಿನ ನಾನು ಇನ್ಯಾರದೋ ಮುಂದಿನ ವರ್ಷದಲ್ಲಿ ನಿಂತಿರ್ತೀನಿ" ಎಂದು ಅಕ್ಕ ವಿವರಿಸುತ್ತಾರೆ. ಕರೆಯೋಲೆಯೂ ಬರುವುದಿಲ್ಲ. ಇಂಥವರೊಬ್ಬರು ಬಂದು ನಿಂತು ಹೋಗಿದ್ದಾರೆಂದು ಮದುವೆ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ತಮ್ಮ ಮದುವೆಯ ಮಾತು ತೆಗೆದರೆ ಗಂಡ ಹೆಂಡತಿ ಇಬ್ಬರೂ ನಗುತ್ತಾರೆ. ಹನ್ನೊಂದು ದಿನದಲ್ಲಿ ನಿಶ್ಚಯವಾಗಿ ಮುಗಿದದ್ದು. ಮಾವನ ಮುದ್ರಣಾಲಯದ ಹಿಂದಿನ ಕೋಣೆಯಿಂದ ಕಾಗದದ ಬಂಡಲುಗಳನ್ನು ಸರಿಸಿ ಜಾಗ ಮಾಡಿದ್ದರು. "ಫೋಟೋದಲ್ಲಿ ಇವಳ ಕೆನ್ನೆ ಮೇಲೆ ಮಸಿ ಇದೆ. ದೃಷ್ಟಿಬೊಟ್ಟು ಅಂತ ಎಲ್ಲರೂ ತಿಳ್ಕೊಂಡ್ರು. ಪ್ರಿಂಟಿಂಗ್ ಇಂಕು ಅದು!" ಅನ್ನುತ್ತಾರೆ ಗಂಡ. ಲೇತ್ ಕಾರ್ಖಾನೆಯಲ್ಲಿದ್ದ ಅವರು ಕಾರ್ಖಾನೆ ಮುಚ್ಚಿದಾಗಿನಿಂದ, ಅಂದರೆ ಹನ್ನೆರಡು ವರ್ಷದಿಂದ, ಮದುಮಗನ ಜಾಗದಲ್ಲಿ ಬಿಟ್ಟಿಯಾಗಿ ನಿಲ್ಲುತ್ತಿದ್ದಾರೆ. ಚಹದಂಗಡಿಯ ಗೆಳೆಯರು "ಇವತ್ತು ಎಷ್ಟನೇ ಮದುವೆ?" ಎಂದು ರೇಗಿಸುತ್ತಾರೆ. "ಹೆಂಡತಿ ಒಬ್ಬಳೇ, ಅದೊಂದು ಸಮಾಧಾನ" ಎಂದು ಇವರ ಉತ್ತರ.

ಈಗ ಆ ತಪ್ಪಿನ ಕಥೆ. ಅದು ಅಕ್ಕನ ಏಳನೆಯ ನಿಲುವು. ಇದೇ ಅತಿಥಿಗೃಹ, ಇದೇ ತಾರೀಖು, ಇದೇ ಏಳೂ ನಲವತ್ತು. ಹುಲ್ಲುಹಾಸಿನ ಪೂರ್ವಕ್ಕೆ ಒಂದು ಇಟ್ಟಿಗೆ ಗೋಡೆ. ಸೂರ್ಯ ಗೋಡೆಯ ಹಿಂದಿನಿಂದ ಏರಿ ಬರುವಾಗ ಗೋಡೆಯ ನೆರಳು ಅಕ್ಕನ ನೆತ್ತಿಗಿಂತ ನಾಲ್ಕು ಬೆರಳು ಮೇಲಿತ್ತು. ತಂಪಾದ ನೆರಳು, ಒಳ್ಳೆಯ ಬೆಳಕು, ಜಾಗ ಪ್ರಶಸ್ತ ಎಂದು ಬರೆದುಕೊಟ್ಟರು. ಎಲ್ಲವೂ ಸರಿಯಾಗಿಯೇ ಇತ್ತು. ಅಕ್ಕ ಮರೆತದ್ದು ತಮ್ಮನ್ನೇ. ಅವರು ಐದಡಿಯೂ ಇಲ್ಲ. ಮದುಮಗಳು ಐದೂ ಎಂಟು, ಸಾಲದ್ದಕ್ಕೆ ಅರ್ಧ ಅಡಿಯ ವೇದಿಕೆ. ಒಂದು ವರ್ಷದ ನಂತರ ಆ ಹುಡುಗಿಯ ಮುಖ ನೆರಳಿನ ಗೆರೆಯಿಂದ ಮೇಲಕ್ಕೆ ಬಂದು, ಬಿಸಿಲು ನೇರ ಕಣ್ಣಿಗೆ ಹೊಡೆಯಿತು.

ಮೇಡಂ ಬಯ್ಯಲಿಲ್ಲ. ನಾಲ್ಕು ಫೋಟೋ ತಂದು ಮೇಜಿನ ಮೇಲಿಟ್ಟರು. ನಾಲ್ಕರಲ್ಲೂ ಮದುಮಗಳು ಕಣ್ಣು ಕಿವುಚಿಕೊಂಡು, ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದಾಳೆ. "'ಈ ಜಾಗ ನೋಡಿದ್ದು ಯಾರು' ಅಂತ ಹುಡುಗಿ ಕೇಳಿದ್ಲು ಕಣೇ, ಅಂದ್ರು ಮೇಡಂ. ಅಷ್ಟೇ. ಜೀವನದಲ್ಲಿ ಒಂದೇ ಸಲ ಬರೋ ಬೆಳಿಗ್ಗೆ ಅದು. ನಾನು ಹಾಳು ಮಾಡ್ದೆ" ಅನ್ನುತ್ತಾರೆ ಅಕ್ಕ. ಆ ವಾರವೇ ಗಂಡ ಕಾರ್ಖಾನೆಯ ಚೂರು ಮರದಲ್ಲಿ ಎರಡೆರಡು ಅಂಗುಲದ ಹಲಗೆಗಳನ್ನು ಮಾಡಿ, ಹೊರಲು ಬೆಲ್ಟು ಹಾಕಿ ಕೊಟ್ಟರು. ಅಂದಿನಿಂದ ಯಾವ ಮದುವೆ ಬಂದರೂ ಅಕ್ಕನ ಮೊದಲ ಪ್ರಶ್ನೆ, ಹುಡುಗಿಯ ಎತ್ತರ ಎಷ್ಟು? ನಾಲ್ಕು ಫೋಟೋಗಳಲ್ಲಿ ಒಂದನ್ನು ಕೇಳಿ ಪಡೆದು ನೋಟ್‌ಬುಕ್ಕಿಗೆ ಅಂಟಿಸಿಕೊಂಡರು. ಹೊಸ ನೋಟ್‌ಬುಕ್ಕು ತೆರೆದಾಗಲೆಲ್ಲ ಅದನ್ನು ಕಿತ್ತು ಹೊಸದರ ಮೊದಲ ಪುಟಕ್ಕೆ ಅಂಟಿಸುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಅದರ ಬೆನ್ನು ಅಂಟಿನಿಂದಲೇ ದಪ್ಪವಾಗಿದೆ.

ಆ ಎತ್ತರದ ಮದುಮಗಳ ಮಗಳಿಗೆ ಈಗ ಮದುವೆ. ಹೋದ ತಿಂಗಳು ಮೇಡಂ ಕಚೇರಿಗೆ ಆ ತಾಯಿಯ ಫೋನು ಬಂತು. ಅದೇ ಹುಲ್ಲುಹಾಸು, ಅದೇ ತಾರೀಖು, ಅದೇ ಹೊತ್ತು ಬೇಕು, ಅವತ್ತು ಆ ಜಾಗ ನೋಡಿದವರೇ ಬಂದು ನೋಡಬೇಕು, ನಾನೂ ಬರುತ್ತೇನೆ ಎಂದರಂತೆ. ಯಾಕೆಂದು ಹೇಳಲಿಲ್ಲ. ಅಕ್ಕ, ಬೇರೆ ಯಾರನ್ನಾದರೂ ಕಳಿಸಿ ಎಂದು ಮೇಡಂ ಹತ್ತಿರ ಗೋಗರೆದರು. ಬೇರೆ ಯಾರಿದ್ದಾರೆ?

ಏಳೂ ಇಪ್ಪತ್ತಕ್ಕೆ ಸರಿಯಾಗಿ ಗೇಟಿನಲ್ಲಿ ಕಾರು ನಿಲ್ಲುತ್ತದೆ. ಇಳಿದವರು ಈಗಲೂ ಅಷ್ಟೇ ಎತ್ತರ. ಕೂದಲು ಬೆಳ್ಳಗಾಗಿದೆ, ಕೈಯಲ್ಲೊಂದು ಬಟ್ಟೆಯ ಚೀಲ. ಅಕ್ಕ ಹಲಗೆಯಿಂದ ಇಳಿದು, ತಮಗರಿವಿಲ್ಲದೆ ಸ್ವೆಟರಿನ ಗುಂಡಿ ಸರಿಮಾಡಿಕೊಳ್ಳುತ್ತಾರೆ. ವಾರದಿಂದ ಬಾಯಿಪಾಠ ಮಾಡಿಕೊಂಡ ಮಾತು ಒಂದೇ ಉಸಿರಿಗೆ ಹೊರಬರುತ್ತದೆ.

"ಅಮ್ಮಾ, ಅವತ್ತು ನಿಂತಿದ್ದವಳು ನಾನೇ. ನನ್ನ ಎತ್ತರ ಮರೆತುಬಿಟ್ಟಿದ್ದೆ. ತಪ್ಪಾಯ್ತು. ಆದ್ರೆ ಈ ಸಲ ಭಯ ಇಲ್ಲ. ಗೋಡೆನ ಒಂದೂವರೆ ಅಡಿ ಎತ್ತರಿಸಿದ್ದಾರೆ. ನಿಮ್ಮ ಮಗಳ ಎತ್ತರಕ್ಕೆ ಹಲಗೆ ಹಾಕ್ಕೊಂಡೇ ನಿಂತಿದ್ದೀನಿ, ವೇದಿಕೆನೂ ಬೇಡ ಅಂತ ಬರೀತೀನಿ. ಒಂದು ಚೂರೂ ಬಿಸಿಲು ಬೀಳಲ್ಲ."

ಆ ತಾಯಿಯ ಮುಖ ಬಾಡುತ್ತದೆ. "ಬೀಳಲ್ವಾ?" ಎಂದು ಕೇಳುತ್ತಾರೆ. "ಅಯ್ಯೋ, ಬೀಳಬೇಕಲ್ಲ!"

ಚೀಲದಿಂದ ಅವರು ತೆಗೆಯುವುದು ಚೌಕಟ್ಟು ಹಾಕಿದ ಒಂದು ಫೋಟೋ. ಅಕ್ಕ ಕಂಡೇ ಇರದ ಐದನೆಯದು. ಅದೇ ಮದುಮಗಳು, ಅದೇ ಬಿಸಿಲು. ಆದರೆ ಪಕ್ಕದಲ್ಲಿದ್ದ ಮದುಮಗ, ಎದುರಿಗೆ ಇನ್ನೂರು ಜನ ಇದ್ದಾರೆಂಬುದನ್ನೂ ಮರೆತು, ಅಂಗೈಯನ್ನು ಅವಳ ಹುಬ್ಬಿನ ಮೇಲೆ ಚಪ್ಪರದ ಹಾಗೆ ಹಿಡಿದಿದ್ದಾನೆ. ಅವಳು ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಾಳೆ.

"ನಮ್ಮದು ದೊಡ್ಡವರು ನೋಡಿ ಮಾಡಿದ ಮದುವೆ. ಅಲ್ಲೀವರೆಗೂ ಇವರ ಜೊತೆ ನಾಲ್ಕು ಮಾತೂ ಆಡಿರಲಿಲ್ಲ" ಅನ್ನುತ್ತಾರೆ ಅವರು. "ಎಂಥವರಿಗೆ ಕೊಟ್ಟರೋ ಅಂತ ಒಳಗೊಳಗೇ ಭಯ. ಈ ಕೈ ಬಂತು ನೋಡಿ, ಭಯ ಹೋಯ್ತು. ಈ ಜಾಗ ನೋಡಿದ್ದು ಯಾರು ಅಂತ ನಾನು ಕೇಳಿದ್ದು ಬಯ್ಯೋದಕ್ಕಲ್ಲ. ಮೇಡಂ ಹೆದರಿಕೊಂಡು ಮಾತು ತೇಲಿಸಿಬಿಟ್ರು. ನಮ್ಮ ಯಜಮಾನ್ರು ತೀರಿಕೊಂಡು ನಾಲ್ಕು ವರ್ಷ ಆಯ್ತು. ಇವತ್ತಿಗೆ ನಮ್ಮ ಮದುವೆ ಆಗಿ ಇಪ್ಪತ್ತಾರು ವರ್ಷ. ಮಗಳು ಈ ಫೋಟೋ ನೋಡ್ಕೊಂಡೇ ಬೆಳೆದವಳು. ನನಗೂ ಅದೇ ಬಿಸಿಲು ಬೇಕು ಅಂತ ಕೂತಿದ್ದಾಳೆ."

ಇಪ್ಪತ್ತಾರು ವರ್ಷ ಹೊತ್ತದ್ದು ಒಂದೇ ಸಲಕ್ಕೆ ಇಳಿದರೆ ಹಗುರವೂ ಆಗುತ್ತದೆ, ಎಲ್ಲಿ ನಿಲ್ಲಬೇಕೆಂಬುದೂ ತಿಳಿಯದೆ ಹೋಗುತ್ತದೆ. ಅಕ್ಕ ಚೌಕಟ್ಟಿನ ಗಾಜಿನ ಮೇಲಿನ ಇಬ್ಬನಿಯನ್ನು ಸ್ಕಾರ್ಫಿನಿಂದ ಒರೆಸುತ್ತಾರೆ, ಮತ್ತೆ ತಮ್ಮ ಕಣ್ಣನ್ನು. ಆಮೇಲೆ ಗಡಿಯಾರ ನೋಡಿಕೊಳ್ಳುತ್ತಾರೆ. ಏಳೂ ಮೂವತ್ತೆರಡು.

"ರೀ, ಹಲಗೆ ಎತ್ತಿ! ಎಂಟೇ ನಿಮಿಷ ಇರೋದು."

ಇಷ್ಟು ವರ್ಷ ನೆರಳು ಹುಡುಕಿದವರು ಮೊದಲ ಸಲ ಬಿಸಿಲು ಹುಡುಕುತ್ತಾರೆ. ಗೋಡೆ ಎತ್ತರವಾಗಿರುವುದರಿಂದ ಹಳೆಯ ಜಾಗದಲ್ಲಿ ಈಗ ಪೂರಾ ನೆರಳು. ಗೋಡೆಯಿಂದ ದೂರ ಸರಿದಷ್ಟೂ ನೆರಳಿನ ಗೆರೆ ತಗ್ಗುತ್ತದೆ. ಒಂದು ಹೆಜ್ಜೆ ಹಿಂದೆ. ಹಲಗೆ ಇಟ್ಟು, ಹತ್ತಿ, ನಿಂತು ನೋಡುತ್ತಾರೆ. ನೆತ್ತಿಗೆ ಮಾತ್ರ ಬೆಳಕು. "ಹುಡುಗಿ ನಿಮಗಿಂತ ಎರಡು ಬೆರಳು ಗಿಡ್ಡ ಅಂತ ಫೋನಲ್ಲಿ ಅಂದಿದ್ರಲ್ಲ, ಸರಿ ತಾನೇ?" ಎಂದು ಇನ್ನೊಮ್ಮೆ ಖಚಿತಪಡಿಸಿಕೊಂಡು, ಮತ್ತೊಂದು ಹೆಜ್ಜೆ ಹಿಂದೆ. ಗಂಡ ಬಗ್ಗಿ ಹಲಗೆ ಜೋಡಿಸಿ, ಸೊಂಟ ಹಿಡಿದುಕೊಂಡು ಎದ್ದು, ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ. ಏಳೂ ಮೂವತ್ತೊಂಬತ್ತು.

ಏಳೂ ನಲವತ್ತಕ್ಕೆ ಬಿಸಿಲು ಗೋಡೆಯ ಮೇಲಿನ ಸಾಲಿನ ಇಟ್ಟಿಗೆಯನ್ನು ದಾಟಿ ಅಕ್ಕನ ಕಣ್ಣಿಗೆ ನೇರ ಬಂದು ಹೊಡೆಯುತ್ತದೆ. "ಅಬ್ಬಾ!" ಎಂದು ಅವರು ಕಣ್ಣು ಕಿವುಚುತ್ತಾರೆ. ಮರುಕ್ಷಣವೇ ಹುಬ್ಬಿನ ಮೇಲೆ ನೆರಳು. ಕಣ್ಣು ಬಿಟ್ಟು ನೋಡಿದರೆ ಗಂಡನ ಅಂಗೈ, ಲೇತ್ ಯಂತ್ರದ ಹಳೆಯ ಗಾಯದ ಗುರುತುಗಳ ಸಮೇತ. ಯಾರೂ ಹೇಳಿರಲಿಲ್ಲ. ಜೊತೆಯಾಗಿ ನಿಂತ ಈ ಹನ್ನೆರಡು ವರ್ಷದಲ್ಲಿ ಆ ಕೈಗೆ ಈ ಕೆಲಸ ಬಂದೇ ಇರಲಿಲ್ಲ, ಅಕ್ಕ ಎಂದೂ ಬಿಸಿಲಲ್ಲಿ ನಿಲ್ಲಲು ಬಿಟ್ಟಿರಲಿಲ್ಲ.

"ಹಾಗೇ ಇರಿ, ಹಾಗೇ ಇರಿ" ಅನ್ನುತ್ತಾರೆ ಎತ್ತರದ ತಾಯಿ, ಅಳುತ್ತ, ನಗುತ್ತ. "ಇದೇ ಜಾಗ. ಆದ್ರೆ ಒಂದು ಮಾತು, ನಮ್ಮ ಅಳಿಯ ಆಗೋ ಹುಡುಗನಿಗೆ ಯಾರೂ ಹೇಳಬಾರದು. ಅವನಾಗೇ ಕೈ ಎತ್ತಬೇಕು."

"ಎತ್ತದಿದ್ರೆ?" ಗಂಡ ಕೇಳುತ್ತಾರೆ.

"ಎತ್ತದಿದ್ರೆ ಹುಡುಗಿಗೆ ಅವತ್ತೇ ಗೊತ್ತಾಗತ್ತೆ, ಕಲಿಸೋದು ಬಹಳ ಇದೆ ಅಂತ" ಎಂದು ಅಕ್ಕ ನೋಟ್‌ಬುಕ್ಕು ತೆಗೆದು ಬರೆಯುತ್ತಾರೆ: ಏಳೂ ನಲವತ್ತು. ಬಿಸಿಲು ನೇರ ಕಣ್ಣಿಗೆ. ಜಾಗ ಪ್ರಶಸ್ತ.

ಅಕ್ಕನಿಗೆ ಆಸೆಗಳು ಕಡಿಮೆ. ಮಂಡಿನೋವು ತಡೆದರೆ ಐನೂರು ನಿಲುವು ಮುಟ್ಟಬೇಕು ಅನ್ನುತ್ತಿದ್ದರು, ಅಷ್ಟೇ. ಇವತ್ತು ಮಾತ್ರ ಇನ್ನೊಂದು ಸೇರಿದೆ. ಮೇಡಂಗೆ ಅಲ್ಲಿಂದಲೇ ಫೋನು ಹಚ್ಚುತ್ತಾರೆ. "ಮೇಡಂ, ಮುಂದಿನ ವರ್ಷ ಈ ತಾರೀಖಿಗೆ ನನ್ನನ್ನ ಎಲ್ಲೂ ನಿಲ್ಲಿಸಬೇಡಿ. ನಾನು ಒಂದು ಮದುವೆಗೆ ಹೋಗಬೇಕು."

ತಾಯಿ ಅವರ ಕೈ ಹಿಡಿದುಕೊಳ್ಳುತ್ತಾರೆ. "ಮೊದಲನೇ ಸಾಲಲ್ಲಿ ನನ್ನ ಪಕ್ಕ ಕೂರಬೇಕು ನೀವು."

"ಬೇಡಮ್ಮ. ಅಲ್ಲಿಂದ ಹುಡುಗಿ ಮುಖ ಕಾಣತ್ತೆ, ಹುಡುಗನ ಕೈ ಮರೆಯಾಗತ್ತೆ" ಎನ್ನುತ್ತ ಅಕ್ಕ ಆಗಲೇ ಹುಲ್ಲಿನ ಮೇಲೆ ಓಡಾಡಿ, ಬಗ್ಗಿ, ಓರೆಯಾಗಿ, ಗೋಡೆಯ ಬುಡದ ಒಂದು ಜಾಗ ಆರಿಸಿ ಆಗಿದೆ. ಮದುಮಗಳ ಗೂಟ ಹೊಡೆಯುತ್ತಾರೆ. ಮದುಮಗನ ಗೂಟ ಹೊಡೆಯುತ್ತಾರೆ. ನಂತರ ಚೀಲದಿಂದ ಮೂರನೆಯದೊಂದು ತೆಗೆದು, ಗೋಡೆಯ ಬುಡದಲ್ಲಿ ಕೂತು, ಕಲ್ಲಿನಿಂದ ಮೆಲ್ಲಗೆ ಬಡಿಯುತ್ತಾರೆ.

"ನಿಂಗೊಂದು ಗೂಟ ಆಯ್ತು. ನಂಗೆ?" ಗಂಡ ಹಲಗೆಗಳನ್ನು ಬೆಲ್ಟಿಗೆ ಸಿಕ್ಕಿಸುತ್ತ ಕೇಳುತ್ತಾರೆ.

ಅಕ್ಕ ತಲೆ ಎತ್ತುವುದಿಲ್ಲ.

"ನೀವು ನನ್ನ ಎಡಗಡೆ. ಅದಕ್ಕೆ ಬೇರೆ ಗೂಟ ಯಾಕೆ?"